ಯಾರ ಹೆಗಲಿಗೋ ಹೋದ ಶಾಲು

ಮೊಮ್ಮಗಳು ಹುಟ್ಟಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಇಂಗ್ಲೆಂಡಿನ ಸೊಲಿಹಲ್‌ನಲ್ಲಿ, ಮಗನ ಈ ಮನೆಯಲ್ಲಿ ಎದ್ದರೂ ಅವಳ ಮುಖ, ಕೂತರೂ ಅವಳ ಮುಖ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು; ಈ ಸಂತೋಷವನ್ನು ಬರೆಯುವಷ್ಟು ಮಾತು ನನ್ನಲ್ಲಿಲ್ಲ. ಸಂಕಟವನ್ನಾದರೆ ಬರೆದೇನು.

ಬರುವಾಗ ಒಂದು ಶಾಲು ತಂದಿದ್ದೆ. ಮಗ ಹೊಟ್ಟೆಯಲ್ಲಿದ್ದ ವರ್ಷ, ಚಳಿಗಾಲಕ್ಕೆ ಧಾರವಾಡಕ್ಕೆ ಗಂಟು ಹೊತ್ತು ಬರುತ್ತಿದ್ದ ಕಾಶ್ಮೀರದ ಮುದುಕನಿಗೆ ನನ್ನ ಬೆಳ್ಳಿ ಕಾಲುಚೈನು ಕೊಟ್ಟು ಕೊಂಡದ್ದು. ಹಿಮದ ಸೀಮೆಯ ಆಡಿನ ಒಳಗೂದಲು ಬಾಚಿ ತೆಗೆದು ತನ್ನ ಹೆಂಡತಿ ಚರಕದಲ್ಲಿ ನೂಲುತ್ತಾಳೆ, ಆ ಎಳೆ ಯಂತ್ರದ ಜಗ್ಗಾಟಕ್ಕೆ ತಾಳುವುದಿಲ್ಲ, ಕೈಮಗ್ಗದಲ್ಲೇ ನೇಯಬೇಕು ಎಂದಿದ್ದ. ಅಂಚಿಲ್ಲ, ಜರಿಯಿಲ್ಲ, ಆಡಿನ ಮೈಬಣ್ಣವೇ. ಬೆಳಕಿಗೆ ಹಿಡಿದರೆ ನೇಯ್ಗೆ ಅಲ್ಲಲ್ಲಿ ತೆಳು, ಅಲ್ಲಲ್ಲಿ ದಪ್ಪ. ನೇಯ್ದ ಕೈಯ ಗುರುತದು.

ಹುಟ್ಟಿದ ಕೂಸಿಗೆ ನಮ್ಮಲ್ಲಿ ಹೊಸ ಬಟ್ಟೆ ಹಾಕುವುದಿಲ್ಲ. ಹಿರಿಯರು ಹೊದ್ದು ಮೆತ್ತಗಾದದ್ದರಲ್ಲೇ ಸುತ್ತುವುದು. ಮಗನನ್ನು ಸುತ್ತಿದ್ದು ನಾನು ಚಳಿಗಾಲವೆಲ್ಲ ಹೊದ್ದಿದ್ದ ಆ ಶಾಲಿನಲ್ಲಿ. ಆಮೇಲೆ ಅಂಟುವಾಳದ ನೊರೆಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬೇವಿನೆಲೆ ಇಟ್ಟು ಕಾಪಾಡಿದೆ. ಇವಳನ್ನೂ ಅದರಲ್ಲೇ ಸುತ್ತಿ ತೊಟ್ಟಿಲಿಗೆ ಹಾಕಬೇಕು, ಅದೊಂದೇ ನನ್ನ ಆಸೆ.

ತೊಟ್ಟಿಲ ದಿನ ಹತ್ತಿರದ ಹಾರ್ಬೋರ್ನ್‌ನಿಂದ ಹಿರಿಯ ಡಾಕ್ಟರೊಬ್ಬರು ಬಂದಿದ್ದರು, ನಮ್ಮವರೇ. ಇಲ್ಲಿಯ ಕನ್ನಡದವರಿಗೆ ನಾಲ್ಕು ಮಂದಿ ಸೇರಿದರೆ ಯಾರಿಗಾದರೂ ಶಾಲು ಹೊದಿಸಿ ಸನ್ಮಾನ ಮಾಡದೆ ಸಮಾಧಾನವಿಲ್ಲ. ಹೊದಿಸಿಕೊಂಡವರು ಅದನ್ನು ಹೊದೆಯುವುದಿಲ್ಲ. ಮಡಚಿಟ್ಟು ಮುಂದಿನ ಸಲ ಇನ್ನೊಬ್ಬರಿಗೆ ಹೊದಿಸುತ್ತಾರೆ. ಮಗನ ಕಪಾಟಿನಲ್ಲೂ ಅಂಥ ಶಾಲುಗಳ ರಾಶಿಯಿತ್ತು. ಸೊಸೆ ನನ್ನದನ್ನು ಅದರ ಮೇಲೆಯೇ ಇಟ್ಟಿದ್ದಳು.

ಒಳಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಚಪ್ಪಾಳೆ ಕೇಳಿಸಿತು. ಹೊರಗೆ ಬಂದರೆ ನನ್ನ ಶಾಲು ಡಾಕ್ಟರ ಹೆಗಲ ಮೇಲಿತ್ತು, ಮಗ ಪಕ್ಕದಲ್ಲಿ ನಿಂತು ಫೋಟೊಕ್ಕೆ ನಗುತ್ತಿದ್ದ. ಅಷ್ಟು ಮಂದಿಯೆದುರು ಏನೆನ್ನಲಿ? ಅಂಗಡಿಯ ಕಂಬಳಿಯಲ್ಲೇ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು.

ಮಂದಿ ಹೋದ ಮೇಲೆ ಮಗನನ್ನು ಕೇಳಿದರೆ, ಕೈಗೆ ಮೊದಲು ಸಿಕ್ಕಿತು, ಸನ್ಮಾನದ್ದೇ ಅಂದುಕೊಂಡೆ ಎಂದ.

“ಅದರಾಗ ಸುತ್ತಿ ಬೆಳಸೀನಿ ನಿನ್ನ. ನಿನ್ನ ಕೈಗಾದ್ರೂ ಗುರ್ತ ಸಿಗಲಿಲ್ಲೇನು?”

“ಹೊದಿಸಿದ್ದನ್ನ ವಾಪಸ್ ಹೆಂಗ ಕೇಳ್ಲಿ ಅವ್ವಾ? ನಾಳೆ ಅವರಿಗೆ ಮಾರಿ ಹೆಂಗ ತೋರಸ್ಲಿ?” ಅಂದ.

ಮೂರು ವಾರ ಇವತ್ತು ನಾಳೆ ಎಂದು ದೂಡಿ, ಎರಡು ಹೊತ್ತು ನಾನು ಊಟ ಬಿಟ್ಟ ಮೇಲೆ ಡಾಕ್ಟರಿಗೆ ಫೋನ್ ಮಾಡಿದ. ಅಷ್ಟರಲ್ಲಿ ಡಾಕ್ಟರು ಅದನ್ನು ಲೀಡ್ಸ್‌ನಲ್ಲಿ ಒಬ್ಬ ಹಾಡುಗಾರರಿಗೆ ಹೊದಿಸಿದ್ದರಂತೆ. ಅವರು ಮ್ಯಾಂಚೆಸ್ಟರಿನಲ್ಲಿ ಮತ್ಯಾರಿಗೋ. ಕೂಸನ್ನು ಬೆಚ್ಚಗಿಡಬೇಕಾದ ಬಟ್ಟೆ ಫೋಟೊ ತೆಗೆಯುವಷ್ಟು ಹೊತ್ತು ಹೆಗಲ ಮೇಲೆ ಕೂತು ಪ್ಲಾಸ್ಟಿಕ್ ಚೀಲ ಸೇರುತ್ತದೆ. ಅದು ಬೆಚ್ಚಗಿದೆಯೆಂದು ಅವರಲ್ಲಿ ಒಬ್ಬರಿಗೂ ಗೊತ್ತಾಗಿರಲಿಕ್ಕಿಲ್ಲ.

ನಾನು ಊರಿಗೆ ಹೊರಡುವ ಮುಂಚಿನ ಭಾನುವಾರ, ಇಲ್ಲಿಗೆ ಬಂದ ಅಜ್ಜ-ಅಜ್ಜಿಯರಿಗೆಲ್ಲ ಸನ್ಮಾನವಿಟ್ಟಿದ್ದರು. ಅದೇ ಡಾಕ್ಟರು ನನಗೂ ಒಂದು ಶಾಲು ಹೊದಿಸಿದರು. ನನ್ನದೇ ತಿರುಗಿ ಬಂತೇನೋ ಎಂಬ ಆಸೆಯಿಂದ ಮುಟ್ಟಿ ನೋಡಿದೆ. ನೈಲಾನು, ಜರಿ ಕುತ್ತಿಗೆಗೆ ಚುಚ್ಚಿತು. ಆಗಲೇ ತೊಡೆಯ ಮೇಲಿದ್ದ ನನ್ನ ಬಂಗಾರ ಹಾಲು ಕಕ್ಕಿದಳು.

“ಅವ್ವಾ, ಶಾಲು!” ಎಂದು ಮಗ ಟಿಶ್ಯೂ ಹಿಡಿದು ಓಡಿ ಬಂದ.

ನಾನು ಎಲ್ಲರೆದುರು ಆ ಶಾಲಿನಿಂದಲೇ ಅವಳ ಬಾಯಿ ಒರೆಸಿದೆ, ಗದ್ದ ಒರೆಸಿದೆ, ನನ್ನ ಸೀರೆಯನ್ನೂ ಒರೆಸಿಕೊಂಡೆ. ಇದನ್ನಂತೂ ಇನ್ನು ಯಾರಿಗೂ ಹೊದಿಸಲಾರರು.