ಎರಡು ಬಾಗಿಲುಗಳ ನಡುವೆ

೧೯೮೬ರಲ್ಲಿ, ಒಂಬತ್ತನೇ ಕ್ಲಾಸಿಗೆ, ನನ್ನ ಓದು ನಿಂತಿತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೈಸೂರಿನಲ್ಲಿ ಪಂಪ್ ರಿಪೇರಿ ಕಲಿತು, ಸ್ವಂತ ಶೆಡ್ ಹಾಕಿ, ಯಾರ ಕೈಕೆಳಗೂ ನಿಲ್ಲದೆ ದುಡಿದೆ. ಹೆಂಡತಿಯ ತಮ್ಮ ನಮಗಾಗಿ ಎಂದೋ ಹಾಕಿದ್ದ ಗ್ರೀನ್ ಕಾರ್ಡ್ ಅರ್ಜಿ ಕೊನೆಗೂ ಪಾಸಾದಾಗ ಆ ಶೆಡ್ ಮಾರಿ, ಹೆಂಡತಿ ಮಗಳೊಂದಿಗೆ ಡಾಲಸ್‌ಗೆ ಬಂದೆ. ಫಾರ್ಮರ್ಸ್ ಬ್ರಾಂಚ್‌ನಲ್ಲಿರುವ ಭಾಮೈದನ ಮನೆಯ ಮಹಡಿಯಲ್ಲಿ ನಮ್ಮ ವಾಸ. ಅವನ ಕಾಂಟ್ರಾಕ್ಟಿನಲ್ಲೇ ನನ್ನ ಕೆಲಸ.

ನದಿಯ ಒಂದು ಸಣ್ಣ ಕವಲನ್ನು ನೋಡಿಕೊಳ್ಳುವ ಕಾಂಟ್ರಾಕ್ಟ್ ಅದು. ರಜೆಯ ದಿನ ಜನ ದೋಣಿ ಬಿಡಲು ಬರುತ್ತಾರೆ. ಮಳೆ ಬಂದಾಗಲೆಲ್ಲ ಹೂಳು ತುಂಬಿಕೊಳ್ಳುತ್ತದೆ, ತೇಲುವ ಪಂಪು ಕಟ್ಟಿ ನಾನು ಅದನ್ನು ಹೀರಿ ತೆಗೆಯುತ್ತೇನೆ. ಕವಲು ನದಿಯನ್ನು ಸೇರುವ ಕಡೆ ಲಾಕ್ ಇದೆ. ಎರಡು ಕಬ್ಬಿಣದ ಬಾಗಿಲು, ನಡುವೆ ಕಾಂಕ್ರೀಟ್ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ನೀರು ಏರಿಸಿಯೋ ಇಳಿಸಿಯೋ ಆಚೆ ಕಳಿಸಬೇಕು. ದೋಣಿಗಳು ಆಚೆ ಹೋಗುತ್ತವೆ. ನಾನು ಅಲ್ಲೇ.

ಆಸ್ಟಿನ್‌ನಲ್ಲಿ ದೋಣಿ ರಿಪೇರಿ ಶೆಡ್ ಇಟ್ಟಿದ್ದ ಒಬ್ಬ ನನ್ನ ಕೆಲಸ ನೋಡಿ, ಶೆಡ್ ಪೂರ್ತಿ ನೀನೇ ನೋಡಿಕೋ, ಇರಲು ಮನೆಯೂ ಇದೆ ಎಂದ. ಭಾಮೈದನಿಗೆ ಹೇಳಿದೆ. ಅವನು ಬೇಡ ಅನ್ನಲಿಲ್ಲ. ಈ ಹೂಳೊಂದು ಮುಗಿಯಲಿ ಎಂದ. ನದಿ ಇರುವ ತನಕ ಹೂಳು ಮುಗಿಯುತ್ತದೆಯೇ? ಬಾಡಿಗೆಯಿಲ್ಲದ ಮನೆಯಲ್ಲಿದ್ದು ತಮ್ಮನಿಗೆ ಯಾವ ಮುಖ ತೋರಿಸಲಿ ಎಂದು ಹೆಂಡತಿ ಅತ್ತಳು. ಮಗಳು ಮಾತ್ರ, ‘ಡ್ಯಾಡ್, ಜಸ್ಟ್ ಗೋ’ ಎಂದಳು.

೨೦೧೬ರ ಚಳಿಗಾಲ. ಲಾಕಿನ ಬಾಗಿಲು ಸೋರುತ್ತಿತ್ತು. ಹ್ಯೂಸ್ಟನ್‌ನಿಂದ ಹೊಸ ರಬ್ಬರ್ ಪಟ್ಟಿ ತರಿಸಿ, ಹೊರಗಡೆ ಹಲಗೆ ಇಳಿಸಿ ನೀರು ತಡೆದು, ಖಾಲಿ ತೊಟ್ಟಿಗೆ ಇಳಿದೆ. ನೀರಿಗೆ ಬೀಳದಿರಲೆಂದು, ಇಳಿಯುವವನು ತನ್ನ ಫೋನನ್ನು ಮೇಲಿರುವವನ ಕೈಗೆ ಕೊಡಬೇಕು. ಆ ನಿಯಮ ನಾನೇ ಮಾಡಿದ್ದು. ಮೇಲೆ ಭಾಮೈದ ನಿಂತಿದ್ದ.

ಆಸ್ಟಿನ್‌ನವನು ಕೊನೆಯ ಉತ್ತರ ಕೇಳುತ್ತೇನೆಂದಿದ್ದ ದಿನ ಅದೇ. ಫೋನ್ ಬಡಿದುಕೊಂಡಾಗ ನನ್ನ ಎರಡೂ ಕೈ ಪಟ್ಟಿಯನ್ನು ಬಾಗಿಲಿಗೆ ಅದುಮಿ ಹಿಡಿದಿದ್ದವು. ಬಿಟ್ಟರೆ ಸೊಟ್ಟಗೆ ಕೂರುತ್ತದೆ. ಭಾಮೈದನ ದನಿ ಗೋಡೆಗುಂಟ ಸ್ಪಷ್ಟವಾಗಿ ಇಳಿದು ಬಂತು:

‘ಹಿ ಈಸ್ ಫ್ಯಾಮಿಲಿ. ಹಿ ಈಸ್ ನಾಟ್ ಕಮಿಂಗ್.’

ಕೂಗಬಹುದಿತ್ತು. ಬೋಲ್ಟು ಒಂದೊಂದಾಗಿ ಬಿಗಿದು, ಏಣಿ ಹತ್ತಿದೆ.

‘ಆಸ್ಟಿನ್‌ನವ್ರು ಫೋನ್ ಮಾಡಿದ್ರು. ಬರಲ್ಲ ಅಂದ್ಬಿಟ್ಟೆ. ತಪ್ಪಾಯ್ತಾ ಭಾವ?’

‘ನನ್ನನ್ನ ಒಂದ್ ಮಾತು ಕೇಳ್ಬೋದಿತ್ತು.’

‘ಕೇಳಿದ್ರೆ ಹೊರಟೇಬಿಡ್ತಿದ್ರಿ. ಆಮೇಲೆ ಈ ಬಾಗಿಲಿಗೆ ಯಾರನ್ನ ನಂಬ್ಲಿ ನಾನು?’

ಬೈದಿದ್ದರೆ ಆವತ್ತೇ ಹೊರಡುತ್ತಿದ್ದೆ. ಅವನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲು ನನಗೆ ಕೊಟ್ಟ. ಅಷ್ಟು ಮರ್ಯಾದೆ ಕೊಟ್ಟವನ ಮುಂದೆ ನನ್ನನ್ನು ಬಿಟ್ಟುಬಿಡು ಅಂತ ಗೋಗರೆಯುವ ಬಾಯಿ ನನಗಿಲ್ಲ. ಫೋನ್ ನನ್ನ ಕೈಗೆ ಬಂದಿತ್ತು. ತಿರುಗಿ ಮಾಡಬಹುದಿತ್ತು. ಕಾಫಿ ಕುಡಿದೆ.

ಹಲಗೆ ಎತ್ತಿ ನೀರು ಬಿಟ್ಟೆವು. ಒಂದು ಹನಿಯೂ ಸೋರಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಮಹಡಿಯಲ್ಲಿ ಎರಡು ಕೋಣೆ, ಹಳೆಯ ಪಿಕಪ್ ಒಂದು, ಮೈಸೂರಿನಿಂದ ತಂದ ಸ್ಪ್ಯಾನರ್ ಸೆಟ್ ಒಂದು, ಉದ್ದ ಬೂಟು ಎರಡು ಜೊತೆ, ಸೋರದ ಬಾಗಿಲು ಎರಡು.