ಬಂಡೆಯ ಕೆಳಗಿನ ಮಣ್ಣಿನ ಗೋಪುರಗಳು

"ರೀ, ಕ್ಯಾಮೆರಾ ಚಾರ್ಜ್‌ಗೆ ಹಾಕಿ, ಭೂತಾನ್‌ನಲ್ಲಿ ಕರೆಂಟ್ ಇರುತ್ತೋ ಇಲ್ವೋ" ಎಂದು ನಗುತ್ತಾ ನನ್ನ ಹೆಂಡತಿ, ಪ್ರವಾಸಕ್ಕೆ ಮುಂಚೆ ಒಮ್ಮೆ ನೋಡಿ ಬರಲೆಂದು, ಗೌರಿಬಿದನೂರಿನ ಅಕ್ಕನ ಮನೆಗೆ ಹೊರಟಳು. ನಾನು ಶಿಡ್ಲಘಟ್ಟದ ಶಾಲೆಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ ಫೋನ್ ಬಂತು. ಮಂಚೇನಹಳ್ಳಿ ದಾಟುವ ಮೊದಲೇ, ಬಸ್ಸಿನಲ್ಲಿ ಕೂತಲ್ಲಿಯೇ, ಅವಳ ಹೃದಯ ನಿಂತಿತ್ತು. ಕಾವೇರಿಯಲ್ಲಿ ಅಸ್ಥಿ ಬಿಟ್ಟ ಮೇಲೆ ಪುರೋಹಿತರು, "ತಿರುಗಿ ನೋಡ್ಬೇಡಿ ಮೇಷ್ಟ್ರೇ" ಎಂದರು. ನೋಡಲಿಲ್ಲ.

ಇಬ್ಬರಿಗೆಂದು ಗೊತ್ತುಮಾಡಿದ್ದ ಪ್ರವಾಸಕ್ಕೆ ಕೆಲವು ತಿಂಗಳ ನಂತರ ಒಬ್ಬನೇ ಹೋದೆ. ಭೂತಾನ್‌ನ ಒಂದು ಬೌದ್ಧ ವಿಹಾರದ ಅಂಗಳದಲ್ಲಿ ಮುಖವಾಡ ಕುಣಿತದ ಹಬ್ಬವಿತ್ತು. ಅದರ ಚಿತ್ರ ತೆಗೆದು ಹೊರಬಂದಾಗ, ಬಂಡೆಯೊಂದರ ಕೆಳಗೆ ಹೆಬ್ಬೆರಳಿನಷ್ಟಿದ್ದ ಮಣ್ಣಿನ ಗೋಪುರಗಳು ಕಂಡವು. ಹರಕೆಗೆ ಇಟ್ಟಿರಬೇಕು ಎಂದುಕೊಂಡೆ. ಎಲ್ಲವೂ ಅಡ್ಡಾದಿಡ್ಡಿ ಇದ್ದವು. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸ ನನ್ನದು; ಚಿತ್ರ ಚೆನ್ನಾಗಿ ಬರಲೆಂದು ಅವನ್ನೂ ಸಾಲಾಗಿ ಜೋಡಿಸತೊಡಗಿದೆ. ಒಂದು ಗೋಪುರ ಕೈಯಲ್ಲೇ ಪುಡಿಯಾಯಿತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಹಿಂದೆ ಅಜ್ಜಿಯೊಬ್ಬರು ಬಂದು ನಿಂತಿದ್ದರು. ಅವರು ಹೇಳಿದ್ದನ್ನು ನನ್ನ ಕಾರಿನ ಡ್ರೈವರ್ ತಗ್ಗಿದ ದನಿಯಲ್ಲಿ ಹಿಂದಿಯಲ್ಲಿ ತಿಳಿಸಿದ: "ಸರ್, ಇವೆಲ್ಲ ಅವರ ಮಗಳ ಚಿತೆಯ ಬೂದಿ ಕಲಸಿ ಮಾಡಿದ್ದಂತೆ."

ಅಜ್ಜಿ ನನ್ನ ಅಂಗೈ ಬಿಡಿಸಿ ನೋಡಿದರು. "ಗಾಳಿ ಮಳೆ ಮಾಡೋ ಕೆಲಸ ನೀನು ಮಾಡ್ದೆ, ಹೋಗ್ಲಿ ಬಿಡಪ್ಪ. ಆದ್ರೆ ಸಾಲಲ್ಲಿ ಮಾತ್ರ ನಿಲ್ಲಿಸ್ಬೇಡ. ಅವಳು ಯಾವತ್ತೂ ಯಾರೋ ಹೇಳಿದ ಕಡೆ ನಿಂತೋಳಲ್ಲ" ಎಂದರಂತೆ.

ಇಬ್ಬರೂ ಕೂತು ಎಲ್ಲವನ್ನೂ ಮತ್ತೆ ಅಡ್ಡಾದಿಡ್ಡಿ ಇಟ್ಟೆವು.

ಆ ಪ್ಯಾಂಟನ್ನು ಇನ್ನೂ ಒಗೆದಿಲ್ಲ.