ಕಂಕುಳಲ್ಲಿ ಇಟ್ಟು ನೋಡಿದ ಥರ್ಮಾಮೀಟರ್

ಮೊಮ್ಮಕ್ಕಳೇ, ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ನಿನ ಹಳೆಯ ಥರ್ಮಾಮೀಟರ್ ಒಡೆದದ್ದು ನನ್ನ ಕೈಯಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲಿ ಬೀಳಿಸಿರಬೇಕೆಂದು ನಿಮ್ಮಪ್ಪ ಅಂದುಕೊಂಡ. ಇರಬಹುದೇನೋ ಅನ್ನುವ ಹಾಗೆ ನಾನೂ ಸುಮ್ಮನಿದ್ದೆ. ಈ ವರ್ಷ ಸೊಪ್ಪು ಮುರಿಯುವ ಮೊದಲು ಬ್ಯಾರನ್ನಿನ ಕಸ ಗುಡಿಸಲು ಹೋದವಳು, ಹೊರಗಿನಿಂದ ಕಿಟಕಿಯಲ್ಲಿ ಕಾಣುವ ಹಾಗೆ ಗೋಡೆಯ ಮೊಳೆಯಲ್ಲಿದ್ದ ಆ ಗಾಜಿನ ಕಡ್ಡಿಯನ್ನು ಸೆರಗಿನಿಂದ ಒರೆಸಿದೆ. ಜಾರಿತು. ಪಾದರಸ ಸಾಸಿವೆಯ ಹಾಗೆ ನೆಲದ ಮೇಲೆಲ್ಲ ಉರುಳಿಹೋಯಿತು. ನಿಮ್ಮ ತಾತ ಬ್ಯಾರನ್ ಕಟ್ಟಿಸಿದ ವರ್ಷ ತಂದದ್ದು ಅದು. ಅವರು ಹೋದ ಮೇಲೂ ಅದರ ಲೆಕ್ಕದಲ್ಲೇ ನಾವು ಸೊಪ್ಪು ಬೇಯಿಸುತ್ತಿದ್ದೆವು.

ಮುಂದೆ ನೀವು ಈ ಕೆಲಸ ಮಾಡುತ್ತೀರೋ ಇಲ್ಲವೋ, ತಿಳಿದಿರಲಿ ಎಂದು ಬರೆಯುತ್ತೇನೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಸೂರಿನಿಂದ ಕೆಳಗಿನವರೆಗೆ ಸಾಲಾಗಿ ತೂಗುಹಾಕಿ, ಹೊರಗಿನಿಂದ ಒಲೆ ಉರಿಸುತ್ತೇವೆ. ಐದಾರು ದಿನದ ಬೇಯಿಸುವಿಕೆಯಲ್ಲಿ ಮೊದಲ ಎರಡು ದಿನವೇ ಕಷ್ಟದ್ದು. ಆಗ ಶಾಖ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರು ಡಿಗ್ರಿ ದಾಟಬಾರದು. ಸಣ್ಣ ಶಾಖದಲ್ಲಿ ಎಲೆ ನಿಧಾನವಾಗಿ ಹಳದಿಗೆ ತಿರುಗಬೇಕು. ಶಾಖ ಏರಿದರೆ ಹಸಿರು ಹಸಿರಾಗಿಯೇ ಒಣಗಿಬಿಡುತ್ತದೆ. ಆಮೇಲೆ ಏನು ಮಾಡಿದರೂ ಆ ಬಣ್ಣ ಹೋಗುವುದಿಲ್ಲ, ಹರಾಜಿನಲ್ಲಿ ಅಂಥ ಸೊಪ್ಪನ್ನು ಯಾರೂ ಮುಟ್ಟುವುದಿಲ್ಲ. ಒಂದು ಸಲ ತುಂಬಿ ಬೇಯಿಸಿದ್ದಕ್ಕೆ ಒಂದು ಬ್ಯಾರನ್ ಎಂದು ಲೆಕ್ಕ, ನಮ್ಮ ಹೊಲದಿಂದ ವರ್ಷಕ್ಕೆ ಅಂಥ ಆರು ಬ್ಯಾರನ್ ಸೊಪ್ಪು ಬಂದರೆ ಹೆಚ್ಚು. ಮನೆ ನಡೆಯುವುದು, ನಿಮ್ಮ ಶಾಲೆ ನಡೆಯುವುದು ಅದರಿಂದಲೇ.

ಹಳೆಯದು ಒಡೆದ ಮಾರನೆಯ ದಿನವೇ ನಿಮ್ಮಪ್ಪ ಪಿರಿಯಾಪಟ್ಟಣದಿಂದ ಹೊಸದೊಂದು ತಂದ. ಬೆಂಕಿಪೊಟ್ಟಣದಷ್ಟು ಕರಿಯ ಡಬ್ಬಿ, ಅದಕ್ಕೊಂದು ಉದ್ದನೆಯ ವೈರು, ವೈರಿನ ತುದಿಯಲ್ಲಿ ಚಿಕ್ಕ ಕಡ್ಡಿ. ಕಡ್ಡಿಯನ್ನು ಬ್ಯಾರನ್ ಒಳಗೆ ಇಳಿಬಿಟ್ಟರೆ ಹೊರಗೆ ಡಬ್ಬಿಯಲ್ಲಿ ಅಂಕಿ ಬರುತ್ತದೆ. ಗಾಜಿನದರ ಅರ್ಧ ಬೆಲೆಗೆ ಬಂತೆಂದು ಅವನಿಗೆ ಸಂತೋಷ.

"ನೋಡವ್ವ, ಇನ್ಮೇಲೆ ಕಿಟಕೀಲಿ ಮೂತಿ ಇಕ್ಕಂಗಿಲ್ಲ. ಇಲ್ಲೇ ಕುಂತ್ಕಂಡು ನೋಡ್ಬೋದು" ಎಂದ.

ಅದು ಬಂದ ರಟ್ಟಿನ ಡಬ್ಬಿಯನ್ನು ನಾನು ತಿರುಗಿಸಿ ನೋಡಿದೆ. ಏಳನೆಯ ತರಗತಿ ಓದಿದವಳು ನಾನು. ಕನ್ನಡ ಓದುತ್ತೇನೆ, ಇಂಗ್ಲಿಷ್ ಅಕ್ಷರ ಗುರುತಿಸುತ್ತೇನೆ. ಅಲ್ಲಿ ಇದ್ದದ್ದು ಎರಡೂ ಅಲ್ಲ, ಗುಡಿಸಲಿನ ಕಡ್ಡಿಗಳ ಹಾಗೆ ಒಂದರ ಮೇಲೊಂದು ಗೀಟು. ನಗುತ್ತಿರುವ ಒಬ್ಬ ಹೆಂಗಸಿನ ಚಿತ್ರ. ಮಾಡಿದವರ ಹೆಸರಾಗಲೀ ಊರಾಗಲೀ ನನಗೆ ಸಿಗಲಿಲ್ಲ. ಮನಸ್ಸಿಗೆ ಸರಿಬರಲಿಲ್ಲ. ಆದರೆ ಒಡೆದವಳು ನಾನು, ಯಾವ ಬಾಯಲ್ಲಿ ಹೇಳಲಿ?

ಮೊದಲ ಬ್ಯಾರನ್ನಿಗೆ ಒಲೆ ಹಚ್ಚಿದ ಎರಡನೆಯ ದಿನ ಬೆಳಿಗ್ಗೆ ಕಿಟಕಿಯ ಬಾಗಿಲು ಸರಿಸಿದೆ. ಶಾಖ ಮುಖಕ್ಕೆ ಬಡಿಯಿತು. ಹಳದಿಗೆ ತಿರುಗುವ ಸೊಪ್ಪಿಗೆ ಒಂದು ಸಿಹಿ ವಾಸನೆ ಇರುತ್ತದೆ. ಆವತ್ತು ಬಂದದ್ದು ಒಲೆಯ ಮೇಲೆ ಬಿಟ್ಟು ಮರೆತ ದಂಟಿನ ಸೊಪ್ಪಿನ ವಾಸನೆ.

"ಬೆಂಕಿ ಜಾಸ್ತಿ ಆಗೈತೆ ಕಣಪ್ಪ" ಎಂದೆ.

"ತೊಂಬತ್ತಾರು ಅಂತ ತೋರಿಸ್ತೈತಲ್ಲವ್ವ. ಇನ್ನೂ ಎಲ್ಡು ಸೌದೆ ಹಾಕ್ಬೋದು."

"ನಂಗ್ಯಾಕೋ ಹಂಗನ್ನಿಸ್ತು."

"ನಿಂಗೇ ಮೈ ಬೆಚ್ಚಗಾಗಿರ್ಬೇಕು, ಸುಮ್ಕಿರವ್ವ" ಎಂದು ನಕ್ಕ.

ನಾನು ಸುಮ್ಮನಾದೆ. ಮೂವತ್ತು ವರ್ಷ ಆ ಕಿಟಕಿಯಲ್ಲಿ ಮುಖ ಇಟ್ಟವಳು, ಒಂದು ಡಬ್ಬಿಯ ಮಾತಿಗೆ ಎದುರು ಹೇಳಲಾರದೆ ಹೋದೆ. ಬರೆಯುವಾಗ ಈಗಲೂ ನನ್ನ ಮೇಲೇ ಕೋಪ ಬರುತ್ತದೆ.

ಆರನೆಯ ದಿನ ಬ್ಯಾರನ್ ಬಾಗಿಲು ತೆಗೆದೆವು. ಮೇಲಿನ ಸಾಲಿನಿಂದ ಕೆಳಗಿನವರೆಗೆ ಕಡ್ಡಿ ಕಡ್ಡಿಯಲ್ಲೂ ಹಸಿರು. ಕೆಲವು ಎಲೆ ನಡುವೆ ಹಳದಿ, ಅಂಚಿಗೆಲ್ಲ ಕಡು ಹಸಿರು. ನಿಮ್ಮಪ್ಪ ಒಂದು ಎಲೆ ಕಿತ್ತು ಕೈಯಲ್ಲಿ ಹಿಸುಕಿದ, ಪುಡಿಯಾಯಿತು. ಸೊಪ್ಪು ಮುರಿದದ್ದು ಎಳಸಾಯಿತೋ, ಗೊಬ್ಬರ ಹೆಚ್ಚಾಯಿತೋ ಎಂದು ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ. ಆ ಡಬ್ಬಿಯನ್ನು ಅನುಮಾನಿಸಿದ್ದು ನಿಮ್ಮಮ್ಮ. ವೈರಿನ ತುದಿಯನ್ನು ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಳು. ಜ್ವರ ಇಲ್ಲದ ಮೈಗೆ ತೊಂಬತ್ತೇಳು, ತೊಂಬತ್ತೆಂಟು ಇರಬೇಕೆಂದು ಆಶಾ ಕಾರ್ಯಕರ್ತೆ ಹೇಳಿದ್ದು ನಮಗೆಲ್ಲ ಗೊತ್ತು.

"ಎಂಬತ್ಮೂರು ತೋರಿಸ್ತೈತೆ. ಅತ್ತೆ, ನಾನು ಬದ್ಕಿವ್ನೋ ಇಲ್ವೋ ಒಸಿ ನೋಡಿ" ಎಂದಳು.

ನಿಮ್ಮಪ್ಪ ಕಿತ್ತುಕೊಂಡು ತಾನೂ ಇಟ್ಟುಕೊಂಡ. ಎಂಬತ್ತನಾಲ್ಕು. "ಗಂಡ ಎಂಡ್ತಿ ಒಟ್ಗೇ ತಣ್ಗಾಗೋದ್ವಿ ಬುಡು" ಎಂದ. ನಗಬೇಕೆಂದು ಹೇಳಿದ್ದು, ಅವನೇ ನಗಲಿಲ್ಲ. ಡಬ್ಬಿ ತೊಂಬತ್ತಾರು ಎಂದಾಗ ಒಳಗೆ ನೂರಹತ್ತು ಇತ್ತು ಎಂದಾಯಿತು.

ಕಾಯಲು ಸಮಯ ಇರಲಿಲ್ಲ. ಎರಡನೆಯ ಬ್ಯಾರನ್ನಿನ ಸೊಪ್ಪು ಮುರಿದು ಮರದ ನೆರಳಿನಲ್ಲಿ ರಾಶಿ ಬಿದ್ದಿತ್ತು. ಕಟ್ಟುವ ಹೆಂಗಸರು ಬಂದಿದ್ದರು. ಸಂಜೆಗೆ ಒಲೆ ಹಚ್ಚದಿದ್ದರೆ ಸೊಪ್ಪು ರಾಶಿಯಲ್ಲೇ ಬೆವೆತು ಕೊಳೆಯುತ್ತದೆ. ನಿಮ್ಮಪ್ಪ ಕಡ್ಡಿ ಏರಿಸಬೇಕು, ನಿಮ್ಮಮ್ಮ ಕಟ್ಟಬೇಕು. ಅಕ್ಕಪಕ್ಕದ ಬ್ಯಾರನ್‌ಗಳೆಲ್ಲ ಉರಿಯುತ್ತಿದ್ದವು, ಯಾರಿಂದಲೂ ಥರ್ಮಾಮೀಟರ್ ಎರವಲು ಕೇಳುವ ಹಾಗಿರಲಿಲ್ಲ. ಖಾಲಿ ಇದ್ದವಳು ನಾನೊಬ್ಬಳೇ. ಅಂಗಡಿಗೆ ಹೋಗಿ ಒಂದು ವಸ್ತು ಸರಿಯಿಲ್ಲ ಎಂದು ನಾನು ಜನ್ಮದಲ್ಲಿ ಹೇಳಿದವಳಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಅಂಗಡಿಯ ತುಂಬ ಪೈಪು, ಹಗ್ಗ, ಟಾರ್ಪಾಲು, ಔಷಧಿ ಹೊಡೆಯುವ ಪಂಪು. ಗಂಡಸರೇ ಇದ್ದರು. ನಾನು ಮೂಲೆಯಲ್ಲಿ ನಿಂತೆ. ನನ್ನ ಹಿಂದೆ ಬಂದವರು ಕೊಂಡುಕೊಂಡು ಹೋದರು. ಕೊನೆಗೆ ಅಂಗಡಿಯವರೇ, ಹಣೆಗೆ ವಿಭೂತಿ ಹಚ್ಚಿದ ಮನುಷ್ಯ, "ಏನ್ ಬೇಕಮ್ಮ?" ಎಂದರು.

"ಇದು ಸರಿಯಾಗಿ ತೋರ್ಸಲ್ಲ."

"ಒಂದೆರಡು ಡಿಗ್ರಿ ಆಚೀಚೆ ಇರುತ್ತೆ ಕಣಮ್ಮ."

"ಹದಿನೈದು."

"ಹಂಗಾದ್ರೆ ವೈರಿಗೆ ತೇವ ಹೋಗಿರ್ಬೇಕು."

"ಹಸಿ ಸೊಪ್ಪು ಬೇಯೋ ಕಡೆ ತೇವ ಇಲ್ದೆ ಇರ್ತದಾ?" ಎಂದೆ.

"ಚೈನಾ ಮಾಲು ಅಮ್ಮ. ಬಂದ ಹಾಗೆ ಮಾರ್ತೀವಿ. ಬಿಲ್ಲೂ ಇಲ್ಲ, ಗ್ಯಾರಂಟಿನೂ ಇಲ್ಲ, ವಾಪಸ್ಸೂ ಇಲ್ಲ. ನಿಮ್ಮ ಮಗನಿಗೂ ಹೇಳಿದ್ದೆ."

ಗಾಜಿನದು ಕೇಳಿದೆ. "ಅದೀಗ ತರಿಸ್ತಾ ಇಲ್ಲ. ಕೇಳೋರೇ ಇಲ್ಲ" ಎಂದರು. ಕೇಳುತ್ತಾ ಎದುರಿಗೇ ನಿಂತಿದ್ದೆ! ಆದರೆ ಅವರ ಮೇಲೆ ಎಷ್ಟೆಂದು ಸಿಟ್ಟಾಗಲಿ? ಅವರು ಮೈಸೂರಿನ ಏಜೆಂಟರನ್ನು ತೋರಿಸುತ್ತಾರೆ, ಏಜೆಂಟರು ಇನ್ಯಾವುದೋ ಬಂದರನ್ನು ತೋರಿಸುತ್ತಾರೆ. ಕುಡುಗೋಲಿನ ಬಾಯಿ ಮುರಿದರೆ ನಮ್ಮತ್ತೆ ಆಚಾರಿಯ ಕುಲುಮೆಯ ಮುಂದೆ ನಿಂತು ಊರಿಗೇ ಕೇಳುವ ಹಾಗೆ ಕೂಗಾಡುತ್ತಿದ್ದರು, ಅವನು ಬೈಸಿಕೊಂಡು ಮತ್ತೆ ಕಾಯಿಸಿ ಬಡಿದುಕೊಡುತ್ತಿದ್ದ. ಈ ಡಬ್ಬಿ ಮಾಡಿದವನ ಮನೆ ಎಲ್ಲಿದೆ ಎಂದು ಹೋಗಿ ಜಗಳ ಆಡುವುದು?

"ಇರೋದನ್ನೆಲ್ಲ ಒಸಿ ತೆಗೀರಿ" ಎಂದೆ.

ಏನನ್ನಿಸಿತೋ, ಆರು ಡಬ್ಬಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವು ತೋರಿಸಿದ ಅಂಕಿ ಎಪ್ಪತ್ತನಾಲ್ಕು, ಎಂಬತ್ತೊಂದು, ಎಂಬತ್ತೊಂಬತ್ತು, ಎಪ್ಪತ್ತೆಂಟು, ತೊಂಬತ್ತು, ಎಪ್ಪತ್ತು.

"ನಿಮ್ಮ ಅಂಗಡೀಲಿ ಇರೋ ಗಾಳಿ ಒಂದೇ ಅಲ್ವಾ?"

ಹಗ್ಗ ಕೊಳ್ಳುತ್ತಿದ್ದವನೊಬ್ಬ ಕಿಸಕ್ಕೆಂದು ನಕ್ಕ. ಅಂಗಡಿಯವರು, "ನಿಮಗೆ ಯಾವುದು ಇಷ್ಟವೋ ಆರಿಸ್ಕೊಳ್ಳಿ" ಎಂದರು. ಬದನೆಕಾಯಿ ಆರಿಸುವ ಹಾಗೆ! ಮನೆಯಲ್ಲಿ ಅಷ್ಟು ಹೊತ್ತಿಗೆ ಅರ್ಧ ಕಡ್ಡಿ ಏರಿರುತ್ತದೆ ಎಂದು ನನಗೆ ಒಂದೇ ಯೋಚನೆ.

ಆರನ್ನೂ ಮಡಿಲಿಗೆ ಹಾಕಿಕೊಂಡು ಟಾರ್ಪಾಲಿನ ಸುರುಳಿಗಳ ಹಿಂದೆ ಹೋದೆ. ಗೋಡೆಗೆ ಮುಖ ಮಾಡಿ ನಿಂತು ಒಂದೊಂದನ್ನೇ ಸೆರಗಿನ ಒಳಗೆ ಕಂಕುಳಿಗೆ ಇಟ್ಟುಕೊಂಡೆ. ಮೈಯೆಲ್ಲ ನಾಚಿಕೆ. ಆಚೆಯಿಂದ ಯಾರೋ "ಆಯಮ್ಮ ಏನ್ ಮಾಡ್ತಾವ್ಳೆ ಅಲ್ಲಿ?" ಎಂದದ್ದು ಕೇಳಿಸಿತು. ಐದು ಡಬ್ಬಿ ಏನೇನೋ ತೋರಿಸಿದವು. ಒಂದು ಮಾತ್ರ ತೊಂಬತ್ತೇಳರಲ್ಲಿ ನಿಂತಿತು. ತೆಗೆದು ತಣ್ಣಗಾಗಲು ಬಿಟ್ಟು ಮತ್ತೆ ಇಟ್ಟೆ, ಮತ್ತೆ ತೊಂಬತ್ತೇಳು. ಅದನ್ನು ಕೊಂಡೆ.

"ಮಿಕ್ಕಿದ್ದನ್ನ ಏನ್ಮಾಡ್ತೀರಿ?" ಎಂದು ಕೇಳಿದೆ.

"ಹೋಗುತ್ತೆ ಬಿಡಿ" ಎನ್ನುತ್ತಾ ಅವನ್ನು ಅದೇ ಜಾಗಕ್ಕೆ ಜೋಡಿಸಿದರು.

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಬಂದು ಕೂತ. ಕೈತುಂಬ ಹೊಗೆಸೊಪ್ಪಿನ ಅಂಟು, ಕಪ್ಪಗೆ ಮೆತ್ತಿಕೊಂಡಿತ್ತು. ಆ ಕೈಯಲ್ಲಿ ನಗುವ ಹೆಂಗಸಿನ ಅದೇ ರಟ್ಟಿನ ಡಬ್ಬಿ. ಬಸ್ಸು ಹೊರಟಿತು. ಹೇಳಲೋ ಬೇಡವೋ ಎಂದು ಎರಡು ಸ್ಟಾಪು ಕಳೆದೆ. ಒಂದು ಸಲ ಸುಮ್ಮನಿದ್ದು ಆದದ್ದು ಸಾಕಾಗಿತ್ತು.

"ಅಪ್ಪಾ, ಅದನ್ನ ಕಂಕುಳಲ್ಲಿ ಮಡಿಕಂಡು ನೋಡು" ಎಂದೆ.

ಅವನು ತಿರುಗಿ ನನ್ನನ್ನೇ ನೋಡಿದ. "ಯಾಕಮ್ಮ, ನಂಗೇನ್ ಜ್ವರ ಬಂದೈತಾ?"

"ಜ್ವರ ಇಲ್ದಿದ್ರೆ ತೊಂಬತ್ತೆಂಟು ತೋರಿಸ್ಬೇಕಲ್ಲಪ್ಪ. ಬ್ಯಾರನ್‌ಗೆ ಇಕ್ಕೋಕೆ ಮುಂಚೆ ನೋಡು. ನಮ್ದೊಂದು ಬ್ಯಾರನ್ ಪೂರಾ ಹಸ್ರಾಗಿ ಓಯ್ತು."

ಅವನ ನಗು ನಿಂತಿತು. ಡಬ್ಬಿ ಬಿಚ್ಚಿ ಅಂಗಿಯೊಳಗೆ ಕೈ ಹಾಕಿದ. ಅಂಕಿ ನೋಡಿದ. ಎಷ್ಟು ಬಂತೆಂದು ನನಗೆ ಹೇಳಲಿಲ್ಲ. "ಲೇ, ನಿಮ್ಮ..." ಎಂದು ಯಾರನ್ನೋ ಬೈದು, "ಒಸಿ ನಿಲ್ಸಿ ಸಾ" ಎಂದು ಕಂಡಕ್ಟರಿಗೆ ಕೂಗಿ ಇಳಿದುಬಿಟ್ಟ. ಪಿರಿಯಾಪಟ್ಟಣದ ಕಡೆಗೆ ಬಿರಬಿರನೆ ನಡೆದು ಹೋಗುವುದು ಕಿಟಕಿಯಿಂದ ಕಾಣಿಸುತ್ತಿತ್ತು.

ಹೇಳಿದೆನಲ್ಲ ಎಂಬ ಸಮಾಧಾನ ರಾವಂದೂರು ಬರುವವರೆಗೂ ಉಳಿಯಲಿಲ್ಲ. ಅವನು ಹೋಗಿ ಬದಲಾಯಿಸಿ ತರಬೇಕಾದದ್ದು ಯಾವುದನ್ನು? ಅಲ್ಲಿ ಉಳಿದಿರುವುದೆಲ್ಲ ನಾನು ಇಟ್ಟು ನೋಡಿ ಬಿಟ್ಟು ಬಂದವೇ. ಅವನ ಬ್ಯಾರನ್ನಿಗೂ ಆವತ್ತೇ ಸೊಪ್ಪು ಏರಿರಬೇಕು, ಆ ಕೈ ನೋಡಿದರೆ ಗೊತ್ತಾಗುತ್ತಿತ್ತು. ಸರಿಯಾಗಿ ತೋರಿಸುವ ಒಂದೇ ಒಂದು ಡಬ್ಬಿಯನ್ನು ನಾನು ಚೀಲದಲ್ಲಿ ಹಾಕಿಕೊಂಡು ಬಂದುಬಿಟ್ಟಿದ್ದೆ.